ಪಾತಿಯಲ್ಲಿ ಸಿಕ್ಕ ಚಮಚ

ಮೊದಲ ತರಗತಿಯಲ್ಲೇ ಲೆಹ್ತೆ ಮೇಡಂ
ಹಲಗೆಯ ಮೇಲೆ ಒಂದು ಇಸವಿ ಬರೆದರು: ೧೯೪೪.
ಮುಂದೊಂದು ಗೆರೆ ಎಳೆದು, ತುಂಬಿ, ಎಂದರು.

ಬಿಡುಗಡೆ, ಅಂದೆ ನಾನು,
ಮನೆಯಲ್ಲಿ ಕಲಿತದ್ದು, ಹಲ್ಲುಜ್ಜಿದಷ್ಟು ಸಲೀಸು.
ಆಕ್ರಮಣ, ಅಂದ ಉಕು, ತಲೆ ಎತ್ತದೆ,
ಪೆನ್ಸಿಲ್ ಹೆರೆಯುತ್ತ.
ಕಾಮಾ ನದಿಯ ಕಡೆಯ ಉದ್ಮುರ್ತ್ ಹುಡುಗಿ ಇತಾಲ್ಮಾಸ್ ಕೇಳಿದಳು:
ನಮ್ಮೂರಿಗೆ ಗಂಡಸರು ವಾಪಸು ಬರಲಿಲ್ಲ,
ಅದಕ್ಕೊಂದು ಪದ ಇದೆಯೆ, ನಿಮ್ಮಿಬ್ಬರಲ್ಲಿ?

ಮೇಡಂ ಏನೂ ಬರೆಯಲಿಲ್ಲ.
ಪಾಠ ಮುಗಿದ ಮೇಲೆ ಯಾರೋ ಹಲಗೆ ಒರೆಸಿದರು.
ಇಸವಿ ಹೋಯಿತು. ಗೆರೆ ಅರ್ಧ ಉಳಿಯಿತು.

ನಾನು ನಾರ್ವಾದವಳು.
ಹೊಳೆಯ ಈಚೆ ಒಂದು ಕೋಟೆ, ಆಚೆ ಒಂದು,
ಮಾತು ಬಿಟ್ಟ ವಾರಗಿತ್ತಿಯರ ಹಾಗೆ
ಐನೂರು ವರ್ಷದಿಂದ ಎದುರುಬದುರು ಕೂತಿವೆ.
ಮುತ್ತಜ್ಜಿ ಅಗ್ರಾಫೆನಾ ಯುದ್ಧ ಮುಗಿದ ಮರುವರ್ಷ ಬಂದಳು,
ಪ್ಸ್ಕೋವ್ ಕಡೆಯ ಸುಟ್ಟ ಹಳ್ಳಿಯಿಂದ, ನೂಲಿನ ಗಿರಣಿಗೆ,
ಒಂದು ಕಂಬಳಿ, ಮೂರು ವರ್ಷದ ಮಗಳು.
ಊರು ಖಾಲಿ ಇದೆ, ಅಂದಿದ್ದರಂತೆ ಕರೆತಂದವರು.
ಖಾಲಿ ಇತ್ತು, ಸುಳ್ಳಲ್ಲ.
ಯಾಕೆ ಖಾಲಿ ಎಂದು ಕೇಳುವಷ್ಟು
ಹೊಟ್ಟೆ ತುಂಬಿರಲಿಲ್ಲ ಅವಳಿಗೆ.

ಎರಡನೆಯ ಬೇಸಿಗೆ, ಇಟ್ಟಿಗೆ ಚೂರು ಆರಿಸಿ
ಆಲೂಗಡ್ಡೆಗೆ ಪಾತಿ ಮಾಡುವಾಗ
ಗುದ್ದಲಿಗೆ ಠಣ್ ಎಂದಿತು ಈ ಚಮಚ.
ಬೂದಿ ಹಾಕಿ ಉಜ್ಜಿದರೆ ಬೆಳ್ಳಿ.
ಹಿಡಿಯ ಮೇಲೆ ಎರಡೇ ಅಕ್ಷರ, ಸುತ್ತ ಒಂದು ಬಳ್ಳಿ:
ಎಚ್, ಟಿ.
ಅವಳಿಗೆ ಬರುತ್ತಿದ್ದದ್ದು ಒಂದೇ ಲಿಪಿ.
ಅದರಲ್ಲಿ ಟಿ ಟಿಯೇ, ಎಚ್ ಮಾತ್ರ ನ.
ನೋನ್ನಾ ತಿಮೊಫೆಯೆವಾ! ಕೂಗಿದಳಂತೆ ಮಣ್ಣಲ್ಲಿ ಕೂತು,
ನೋಡೆ ಮಗಳೆ, ನಿನ್ನ ಹೆಸರು ಬರೆದಿಟ್ಟಿದ್ದಾರೆ,
ಈ ನೆಲಕ್ಕೆ ನಾವು ಬರುವುದು ಗೊತ್ತಿತ್ತು.

ಅಜ್ಜಿ ನೋನ್ನಾಗೆ ಈಗ ಎಂಬತ್ತು ದಾಟಿದೆ.
ಅಂದಿನಿಂದ ಬೇರೆ ಚಮಚದಲ್ಲಿ ಸೂಪು ಕುಡಿದವಳಲ್ಲ.

ನಾನು ಶಾಲೆಗೆ ಹೋಗಿ ಇನ್ನೊಂದು ಲಿಪಿ ಕಲಿತ ದಿನ
ಊಟದ ಹೊತ್ತಿಗೆ ಅಕ್ಷರ ಅರಳಿ ಬೇರೆಯಾಯಿತು.
ಏಳು ವರ್ಷದವಳು, ಆದರೂ ತಿಳಿಯಿತು
ಇದು ಹೇಳುವ ಮಾತಲ್ಲ ಎಂದು.
ಬೀಟ್‌ರೂಟ್ ತುಂಡನ್ನು ತಟ್ಟೆಯ ಅಂಚಿಗೆ ಸರಿಸಿದೆ.

ಈ ಚಳಿಗಾಲ ಟಾರ್ಟುವಿನ ಪತ್ರಾಗಾರದಲ್ಲಿ
ನಾರ್ವಾದ ಹಳೆಯ ಮನೆಪಟ್ಟಿ ತೆಗೆಸಿದೆ.
ಎಚ್, ಟಿ: ಹನ್ನೊಂದು ಮಂದಿ.
ಹೆಲ್ಮುಟ್ ಟೆಡರ್, ಔಷಧಿ ಅಂಗಡಿ.
ಹಿರ್ಶ್ ಟ್ರಾಕ್ಮನ್, ತಗಡಿನ ಕೆಲಸ.
ಹಿಲ್ಡಾ ಟಾಮ್, ವಿಧವೆ, ಹೊಲಿಗೆ.
ಒಂದು ಹೆಸರಿನ ಮುಂದೆ 'ಹೋದರು' ಎಂದಿದೆ,
ಎಲ್ಲಿಗೆಂದಿಲ್ಲ, ಯಾರು ಕಳಿಸಿದರೆಂದಿಲ್ಲ.
ಉಳಿದ ಹೆಸರುಗಳ ಮುಂದೆ ಅದೂ ಇಲ್ಲ.

ಉಂಡ ಮನೆಗೆ ಎರಡು ಬಗೆಯಬಾರದು ಅನ್ನುತ್ತಾರೆ.
ಉಂಡದ್ದು ಯಾರ ಮನೆ?

ಉಕುಗೆ ತೋರಿಸಿದೆ, ಕ್ಯಾಂಟೀನಿನಲ್ಲಿ, ಕರವಸ್ತ್ರ ಬಿಚ್ಚಿ.
ಅವನ ಕಡೆಯವರನ್ನು ದನದ ರೈಲಿನಲ್ಲಿ
ಸೈಬೀರಿಯಕ್ಕೆ ಸಾಗಿಸಿದ್ದರು, ಒಂದು ಮಾರ್ಚಿನ ರಾತ್ರಿ.
ಏನಾದರೂ ಬಯ್ಯಲಿ ಎಂದು ಕಾದೆ.
ಅಂಗೈಯಲ್ಲಿಟ್ಟು ತೂಕ ನೋಡಿದ.
ಸೂಪಿನದು, ಅಂದ. ನಮ್ಮದು ಟೀ ಚಮಚ ಇತ್ತು,
ಅಲ್ಲಿ ಅರ್ಧ ಚೀಲ ಹಿಟ್ಟಿಗೆ ಕೊಟ್ಟರಂತೆ.
ಯಾರದೋ ಮನೆಯಲ್ಲಿ ಇನ್ನೂ ಇರಬೇಕು.
ಆಮೇಲೆ ನನ್ನ ಬ್ರೆಡ್ಡಿನಲ್ಲಿ ಅರ್ಧ ಮುರಿದುಕೊಂಡ,
ಕೇಳದೆ.

ಹೊರಗೆ ಎಮಾಯೊಗಿ ಅಂಚುಗಳಲ್ಲಿ ಮಾತ್ರ ಹೆಪ್ಪುಗಟ್ಟಿತ್ತು,
ಹೆಸರಿಗೆ ತಾಯಿಹೊಳೆ, ಯಾರ ತಾಯಿಯೆಂದು ಯಾರೂ ಹೇಳರು.

ಪ್ರಬಂಧಕ್ಕೆ ನಲವತ್ತು ಪುಟ ಆಗಿದೆ.
ಗಿರಣಿಯ ಸಂಬಳ, ವಲಸೆಯ ಅಂಕಿ, ಬಾಂಬಿನ ನಕ್ಷೆ.
ಹದಿನೇಳನೆಯ ಅಡಿಟಿಪ್ಪಣಿ ಬಾಕಿ:
ವಸ್ತು, ಚಮಚ. ಒಡೆತನ,

ಇಷ್ಟು ಬರೆದು ಕೂತಾಗ ಫೋನು.
ಅಜ್ಜಿ. ಪರೀಕ್ಷೆಯ ಸುದ್ದಿ ಕೇಳಲಿಲ್ಲ.
ನನ್ನ ಚಮಚ ಯಾವಾಗ ತರ್ತೀಯೆ?
ಬೇರೆಯದರಲ್ಲಿ ತಿಂದರೆ
ಉಪ್ಪು ಹೆಚ್ಚೋ ಕಮ್ಮಿಯೋ
ಗೊತ್ತೇ ಆಗೊಲ್ಲ.