ಟ್ಯಾಮರಾಕ್ ಪ್ಲಾಜಾ

ಮೊದಲು ಅದು ಈರುಳ್ಳಿ ಹೊಲ.
ಕರಿಮಣ್ಣು. ಕಡ್ಡಿ ಗೀರಿದರೆ ಹೊತ್ತಿಕೊಂಡು
ಮಿಷಿಗನ್ನಿನ ಬೇಸಿಗೆಯುದ್ದಕ್ಕೂ ಒಳಗೊಳಗೇ ಹೊಗೆಯಾಡುವಂಥದು.
ಅಜ್ಜ ಹೆಂಡ್ರಿಕ್ ವ್ರೂಮ್ ಅದನ್ನು ಮಾರಿದ್ದು ಎಪ್ಪತ್ತೆರಡರಲ್ಲಿ,
ಡೆಟ್ರಾಯ್ಟಿನಿಂದ ಬಂದ, ಕೆಸರಿಗೆ ಹೆದರಿ
ಬೂಟಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಿದ್ದ ಒಬ್ಬನಿಗೆ.
ಎಷ್ಟಕ್ಕೆಂದು ಅಜ್ಜಿಗೂ ಹೇಳಲಿಲ್ಲ.
ಹೊಸ ಹಲ್ಲುಸೆಟ್ಟು ಬಂತು, ಹಳೇ ಟ್ರ್ಯಾಕ್ಟರ್ ಹೋಯಿತು,
ಅಷ್ಟರಲ್ಲೇ ಊರು ಲೆಕ್ಕ ಹಾಕಿಕೊಂಡಿತು.

ಉದ್ಘಾಟನೆಯ ದಿನ ಮೇಯರ್ ಕೈಯ ಕತ್ತರಿ ಮೊಂಡು.
ಹೈಸ್ಕೂಲ್ ಬ್ಯಾಂಡಿನವರು ಅದದನ್ನೇ ಮೂರು ಸಲ ಬಾರಿಸಿದರೂ
ರಿಬ್ಬನ್ ಹರಿಯಲೊಲ್ಲದು.
ಅಜ್ಜ ಜೇಬಿನಿಂದ ಈರುಳ್ಳಿ ಚೂರಿ ತೆಗೆದುಕೊಟ್ಟ.
ಫೋಟೋದಲ್ಲಿ ಮೇಯರ್ ಕಣ್ಣು ಒದ್ದೆ.
ಪತ್ರಿಕೆ ಅದನ್ನು ಆನಂದಬಾಷ್ಪ ಎಂದು ಬರೆಯಿತು.

ಇಡೀ ಕೌಂಟಿಗೆ ಒಂದೇ ಎಸ್ಕಲೇಟರ್.
ಹತ್ತಿದರೆ ಮೇಲೆ ಸಿಗುವುದು ಹಲ್ಲಿನ ಡಾಕ್ಟರು
ಮತ್ತು ಬೀಗ ಹಾಕಿದ ಒಂದು ಬಾಗಿಲು.
ಆದರೂ ಭಾನುವಾರ ಚರ್ಚ್ ಬಿಟ್ಟ ಕೂಡಲೇ ಜನ ಸಾಲುಗಟ್ಟಿ
ಹತ್ತಿದರು, ಇಳಿದರು, ಮತ್ತೆ ಹತ್ತಿದರು.
ಅಜ್ಜಿ ಮಾತ್ರ ಕೈಚೀಲ ಎದೆಗವಚಿಕೊಂಡು ಕೆಳಗೇ ನಿಂತಳು:
‘ನಿಂತಲ್ಲೇ ನಿಂತು ಮೇಲೇರಿದವರ ಸುದ್ದಿ
ನಾನು ಬೇಕಾದಷ್ಟು ಕೇಳಿದ್ದೇನೆ.’

ಪೇಟೆಬೀದಿ ಬರಿದಾದದ್ದನ್ನು ಯಾರೂ ಜೋರಾಗಿ ಆಡಲಿಲ್ಲ.
ಟೋಪಿ ಅಂಗಡಿಯ ಲುಂಡ್‌ಕ್ವಿಸ್ಟ್ ಇಲ್ಲಿಗೇ ಬಂದು
ಟೋಪಿ ಬಿಟ್ಟು ಜೀನ್ಸ್ ಮಾರಿದ.
ನಾನು ಹದಿನಾರಕ್ಕೆ ಶೂ ಅಂಗಡಿ ಸೇರಿ
ಊರಿನ ಪಾದಗಳನ್ನೆಲ್ಲ ಮಂಡಿಯೂರಿ ಅಳೆದೆ:
ಯಾರ ಎಡಗಾಲು ದೊಡ್ಡದು, ಯಾರ ಕಾಲುಚೀಲ ತೂತು.
ಬ್ಯಾಂಕ್ ಮ್ಯಾನೇಜರರ ಆರನೇ ಬೆರಳು
ಈ ಸಾಲಿನವರೆಗೂ ಗುಟ್ಟಾಗಿತ್ತು.

ಎದುರಿಗೆ ಸಾಕುಪ್ರಾಣಿ ಅಂಗಡಿ. ಅಲ್ಲೊಂದು ಬೂದುಗಿಳಿ.
ಬೆಲೆ ಒಂಬೈನೂರು ಡಾಲರ್; ಬಂದವರೆಲ್ಲ ಅದನ್ನು ಮಾತಾಡಿಸಿ
ಮೀನು ಕೊಂಡು ಹೋಗುತ್ತಿದ್ದರು.
ರಾತ್ರಿ ಎಂಟೂ ಮುಕ್ಕಾಲಿಗೆ ಆಫೀಸಿನ ಲೋರ್ನಾ ಡೀಟ್ಸ್ ಮೈಕಿನಲ್ಲಿ
‘ಮಾನ್ಯ ಗ್ರಾಹಕರೇ, ಇನ್ನು ಹದಿನೈದು ನಿಮಿಷಕ್ಕೆ
ಬಾಗಿಲು ಮುಚ್ಚಲಿದೆ’ ಎನ್ನುವಳು.
ಆರನೇ ವರ್ಷದ ಒಂದು ಸಂಜೆ ಗಿಳಿ
ಅವಳಿಗಿಂತ ಮೊದಲೇ ಅಂದುಬಿಟ್ಟಿತು,
ಅವಳದೇ ದನಿಯಲ್ಲಿ, ಕೊನೆಯ ಸಣ್ಣ ಕೆಮ್ಮಿನ ಸಮೇತ.
ಜನ ಗಡಬಡಿಸಿ ಬಿಲ್ ಮಾಡಿಸಿದರು.

ಆಮೇಲೆ ಹೆದ್ದಾರಿಯ ಪಕ್ಕ ಇನ್ನೂ ದೊಡ್ಡ ಡಬ್ಬಿಯೊಂದು ಎದ್ದಿತು.
ಹಲ್ಲಿನ ಡಾಕ್ಟರು ತೀರಿಕೊಂಡರು.
ಎಸ್ಕಲೇಟರ್ ಕೆಟ್ಟು ನಿಂತು ಬರೀ ಮೆಟ್ಟಿಲಾಯಿತು.
(ಅಂದು ಅಜ್ಜಿ ಮೊದಲ ಬಾರಿ ಹತ್ತಿದಳು.)
ಅಂಗಡಿಗಳ ಅಕ್ಷರ ಕಿತ್ತ ಕಡೆ ಗೋಡೆ ಬೆಳ್ಳಗೆ ಉಳಿದು
ಹೆಸರುಗಳು ಮೊದಲಿಗಿಂತ ಚೆನ್ನಾಗಿ ಓದಿಸಿಕೊಂಡವು.
ಹೊರಗೆ ಹಿಮ. ಎದೆಗೆ ಹೊಲಿಗೆ ಬಿದ್ದ ಏಳು ಮುದುಕರು
ಬೆಳಿಗ್ಗೆ ಖಾಲಿ ಗಾಜುಗಳ ಮುಂದೆ ಸುತ್ತು ಹಾಕುತ್ತಿದ್ದರು,
ಹನ್ನೆರಡು ಸುತ್ತಿಗೆ ಒಂದು ಮೈಲಿ.
ವಸಂತದ ಹೊತ್ತಿಗೆ ಐವರು.
ಬಾಯ್ಲರ್ ನೋಡಿಕೊಳ್ಳುತ್ತಿದ್ದ ಎಮೆಟ್ ಸ್ಟೋಲ್ಟ್ಸ್ ಹೇಳುತ್ತಿದ್ದ,
ಜೋರು ಮಳೆ ಬಿದ್ದರೆ ನೆಲಮಾಳಿಗೆ ಈರುಳ್ಳಿ ನಾರುತ್ತದೆಂದು.
ಯಾರೂ ಇಳಿದು ನೋಡಲಿಲ್ಲ.

ಕೆಡವಿ ಹನ್ನೊಂದು ವರ್ಷ. ಗಿಳಿ ಈಗ
ಎಮೆಟ್‌ನ ಅಡುಗೆಮನೆಯಲ್ಲಿದೆ,
ಪಂಜರಕ್ಕೆ ಬೆಲೆಚೀಟಿ ಇನ್ನೂ ಅಂಟಿದೆ.
ಲೋರ್ನಾ ಸತ್ತ ಮೇಲೆ ಅವಳ ಮಗಳು ರೊಬರ್ಟಾ
ಕೆಲವು ಸಂಜೆ ಬಂದು ಕೂರುತ್ತಾಳೆ, ಕೋಟು ಬಿಚ್ಚುವುದಿಲ್ಲ.
ಎಂಟೂ ಮುಕ್ಕಾಲು.
ಮಾನ್ಯ ಗ್ರಾಹಕರೇ. ಹದಿನೈದು ನಿಮಿಷ. ಕೆಮ್ಮು.
‘ನಮ್ಮ ಹತ್ತಿರ ಒಂದು ದಿನವೂ ಅಮ್ಮ
ಇಷ್ಟು ಮರ್ಯಾದೆಯಿಂದ ಮಾತಾಡಲಿಲ್ಲ’ ಎಂದು ನಗುತ್ತಾಳೆ.
ಇನ್ನೊಂದು ಸಲ ಅನ್ನಿಸಲಾಗುತ್ತದೆಯೇ ಎಂದು ಕೇಳುತ್ತಾಳೆ.

ಆಗುವುದಿಲ್ಲ. ದಿನಕ್ಕೆ ಒಂದೇ.
ಅಲ್ಲಿ ಮೈಕು ನಿಂತ ಕೂಡಲೇ
ಪಂಜರಕ್ಕೆ ಬಟ್ಟೆ ಹೊದಿಸಿಬಿಡುತ್ತಿದ್ದರು.
ಬಾಗಿಲು ಮುಚ್ಚಿದ್ದನ್ನು ಗಿಳಿಗೆ
ಯಾರೂ ತೋರಿಸಿಲ್ಲ.