ಆರೂವರೆಯ ಮೊದಲು

ಮುಹರ್ರಕ್‌ನ ಈ ಗ್ಯಾರೇಜು ಹಗಲಿಗೆ ನನ್ನದು,
ಆರೂವರೆಯ ಮೇಲೆ ಬು ರಾಶಿದರ ಕಾರಿನದು.
ಅಷ್ಟರೊಳಗೆ ನನ್ನ ಕಸುಬೆಲ್ಲ
ಗೋಡೆ ಹತ್ತಿರಬೇಕು.

ಬೆಂಚಿಗೆ ಕೀಲು ಹಾಕಿದ್ದೇನೆ,
ಎತ್ತಿ ಅಗುಳಿ ಸರಿಸಿದರೆ ನಾಲ್ಕೇ ಬೆರಳು ದಪ್ಪ.
ಉಪ್ಪಿನಕಾಯಿ ಬಾಟಲಿಯ ಮುಚ್ಚಳಗಳನ್ನು
ಹಲಗೆಯ ಅಡಿಗೆ ಬಡಿದು
ಬಾಟಲಿ ತಿರುಗಿಸಿ ಕಚ್ಚಿಸಿದ್ದೇನೆ;
ತಲೆಯ ಮೇಲೆ ತೂಗುವ ಸ್ಕ್ರೂಗಳಿಗೆ
ಮಿಡಿಮಾವಿನ ವಾಸನೆ ಇನ್ನೂ ಬಿಟ್ಟಿಲ್ಲ.
ಉಳಿಗಳಿಗೆ ಕತ್ತರಿಸಿದ ಪೈಪು.
ತೇಗದ ತುಂಡು, ಪ್ಯಾಕಿಂಗಿನ ಪೈನು
ಸೂರಿನ ಕಬ್ಬಿಣದ ನಡುವೆ ಅಡ್ಡಡ್ಡ.
ನೆಲಕ್ಕೆ ಉಳಿದದ್ದು ಮರದ ಹೊಟ್ಟು.

ಕಲಿತದ್ದು ಮನಾಮದ ಕೋಣೆಯಲ್ಲಿ.
ಮೂರಂತಸ್ತಿನ ಮಂಚಗಳು, ಒಂಬತ್ತು ಜನ.
ನಡುಮಂಚದ ಹಸನಬ್ಬ
ಇಸ್ತ್ರಿ ಅಂಗಿಯನ್ನು ದಿಂಬಿನ ಚೀಲದಲ್ಲಿ,
ಕ್ಷೌರದ ಸಾಮಾನನ್ನು ಬೂಟಿನಲ್ಲಿ ಇಡುತ್ತಿದ್ದ.
"ಇಲ್ಲಿ ಖಾಲಿ ಇರುವುದು ನಿನ್ನ ಬಾಯೊಂದೇ ಮಾರಾಯ,
ಅದರಲ್ಲೂ ನಾಲ್ಕು ಮೊಳೆ ಹಿಡ್ಕೋ."

ಹಲಗೆಯ ಮೇಲೆ ಪ್ರತಿ ಹತಾರಕ್ಕೂ ಪೆನ್ಸಿಲಿನ ಗೆರೆ,
ಇಳಿದದ್ದು ಅಲ್ಲಿಗೇ ಏರಲೆಂದು.
ಒಂದು ಗೆರೆಯೊಳಗೆ ಬರೀ ಹಲಗೆ:
ಹಸನಬ್ಬನ ಕೀಸುಳಿ.
ನನಗೇ ಬಿಟ್ಟು ಹೊರಟಿದ್ದ.
ನಾನೇ, ಮೂವತ್ತು ಕೇಜಿ ದಾಟದ ಹಾಗೆ
ಒಂದು ಹಾಲುಪುಡಿ ಡಬ್ಬಿ ತೆಗೆದು
ಅವನ ಪೆಟ್ಟಿಗೆಯ ಸಂದಿಗೆ ತುರುಕಿದೆ.

ಕಾರು ಬಂತು. ಕನ್ನಡಿ ಮಡಚಿ,
ಹೊಟ್ಟೆ ಒಳಗೆಳೆದುಕೊಂಡು
ಬು ರಾಶಿದ್ ಓರೆಯಾಗಿ ಇಳಿದರು.
ಗೆರೆಯ ಮೇಲೆ ಬೆರಳಿಟ್ಟು
ನನ್ನ ಮೀನಿನ ಗಾಳ ಇಲ್ಲಿ ತೂಗಲೇ, ಎಂದರು.
ಅದು ಭರ್ತಿ, ಎಂದೆ.
ಗಾಳಕ್ಕೆ ಬಾಗಿಲ ಮೇಲೊಂದು ಮೊಳೆ ಹೊಡೆದೆ.