ಕಾಲಂ ಏಳು

ಪೋರ್ತೊ ಊರಿನ ಆ ಇಳಿಜಾರಿನ ಕೇರಿಗೆ
ಟೇಪು ಹಿಡಿದು ಹೋದವನು ನಾನೇ.
ಹನ್ನೊಂದು ಮೀಟರು ಉದ್ದ, ಆರು ಅಗಲ,
ತಗಡಿನ ಮಾಡು, ಎರಡು ಕಲ್ಲುತೊಟ್ಟಿ,
ಓರೆಯಾಗಿ ಕೂರಿಸಿದ ಹದಿನಾಲ್ಕು ಒಗೆಯುವ ಕಲ್ಲು.
ಕಾಲಂ ಏಳು: ಸದ್ಯದ ಬಳಕೆ.
ಮಧ್ಯಾಹ್ನ ಮೂರು ಗಂಟೆ. ನರಪಿಳ್ಳೆ ಇರಲಿಲ್ಲ.
‘ಇಲ್ಲ’ ಎಂದು ಬರೆದೆ.

ಬೆಳಿಗ್ಗೆ ಹೋಗಬೇಕಿತ್ತು.

ಬೆಳಿಗ್ಗೆ ಹೋಗಿದ್ದರೆ ಡಿಯೊಲಿಂದಾ ಸಿಗುತ್ತಿದ್ದಳು,
ಮೊಣಕೈತನಕ ನೊರೆ, ಬಾಯ್ತುಂಬ ಊರು.
ಮನೆಯ ಕೊಳೆ ಬೀದಿಗೆ ತರಬಾರದು ಅನ್ನುತ್ತಾರಲ್ಲ,
ಇಲ್ಲಿ ಎಲ್ಲರ ಮನೆಯದೂ ಒಂದೇ ನೀರಿಗೆ ಬರುತ್ತಿತ್ತು:
ಬಾಣಂತಿಯ ಬಟ್ಟೆ, ಮೀನಂಗಡಿಯ ಏಪ್ರನ್ನು,
ಹಾಸಿಗೆ ಹಿಡಿದ ಮಾವನ ಹಚ್ಚಡ.
ಯಾರೂ ಏನೂ ಕೇಳುತ್ತಿರಲಿಲ್ಲ. ಸೋಪು ಮಾತ್ರ
ಕಲ್ಲಿನಿಂದ ಕಲ್ಲಿಗೆ ಜಾರುತ್ತಿತ್ತು.
ಶನಿವಾರ ಪಾಚಿ ಉಜ್ಜುವ ಸರದಿ,
ಪಟ್ಟಿ ಯಾರೂ ಬರೆದಿಟ್ಟಿರಲಿಲ್ಲ.

ಫೆಲಿಸ್ಮಿನಾ, ಒತಿಲಿಯಾ: ಓರಗಿತ್ತಿಯರು,
ಅತ್ತೆಯ ಹೊಲಿಗೆ ಯಂತ್ರದ ದೆಸೆಯಿಂದ
ಒಂಬತ್ತು ವರ್ಷ ಮಾತು ಬಿಟ್ಟವರು.
ಆದರೆ ನೆನೆದ ದೊಡ್ಡ ಚಾದರ
ಒಬ್ಬಳ ಕೈಗೆ ಹಿಂಡಿ ಮುಗಿಯುವುದಲ್ಲ.
ಅವಳು ಒಂದು ತುದಿ ಚಾಚುತ್ತಿದ್ದಳು, ಮುಖ ಅತ್ತ;
ಇವಳು ಹಿಡಿಯುತ್ತಿದ್ದಳು, ಮುಖ ಇತ್ತ.
ಎದುರುಬದುರು ನಿಂತು ಇಬ್ಬರೂ
ತಮ್ಮ ತಮ್ಮ ಬಲಕ್ಕೇ ತಿರುಚುವುದು.
ತಿರುಚಿದಷ್ಟೂ ಬಟ್ಟೆ ಗಿಡ್ಡ,
ಹೆಜ್ಜೆ ಹೆಜ್ಜೆ ಹತ್ತಿರ ಬರಲೇಬೇಕು.
ನೀರು ಇಬ್ಬರ ಕಾಲ ಮೇಲೂ ಬೀಳುತ್ತಿತ್ತು.

ಇದನ್ನೆಲ್ಲ ಬ್ರೆಡ್ಡಿನಂಗಡಿಯ ಎವರಿಸ್ತೊ ಹೇಳಿದ್ದು ಆಮೇಲೆ,
ಪಾರ್ಕಿಂಗಿನ ಬಿಳಿ ಗೆರೆ ಒಣಗುವಾಗ.

ಈಗ ಐದು ಕಾರು ನಿಲ್ಲುತ್ತವೆ.
ಒಂದು ಬಾಗಿಲು ಟಪ್ಪೆನ್ನುತ್ತದೆ, ಇನ್ನೊಂದು ಟಪ್ಪೆನ್ನುತ್ತದೆ.
ಮನೆಮನೆಯೊಳಗೆ ಯಂತ್ರ
ತಾನೇ ಒಗೆದು ತಾನೇ ಹಿಂಡುತ್ತದೆ.
ಬಟ್ಟೆ ಬೆಳ್ಳಗೇ ಇವೆ, ಸುಳ್ಳು ಹೇಳಬಾರದು.
ಡಿಯೊಲಿಂದಾಳ ಬೆನ್ನುನೋವೂ ಕಡಿಮೆಯಂತೆ.

ಹೋದ ಚಳಿಗಾಲ ತಿರುವಿನಲ್ಲಿ ಆಂಬುಲೆನ್ಸು ನಿಂತಾಗ
ಯಾರಿಗೆ ಹುಷಾರಿಲ್ಲವೆಂದು
ಫೆಲಿಸ್ಮಿನಾ ಡ್ರೈವರನನ್ನು ಕೇಳಿದಳಂತೆ.
ಒತಿಲಿಯಾಗೆ.
ಎಷ್ಟು ದಿನದಿಂದ?
ಅವನಿಗೇನು ಗೊತ್ತು.

ನನ್ನ ಕೆಲಸ ಬದಲಾಗಿಲ್ಲ.
ಇನ್ನೊಂದು ಕೇರಿ, ಅದೇ ಟೇಪು, ಅದೇ ಫಾರಮ್ಮು.
ಕಾಲಂ ಏಳಕ್ಕೆ ಬಂದಾಗ ಪೆನ್ನಿಗೆ ಮುಚ್ಚಳ ಹಾಕಿ
ಬಗ್ಗಿ ಕಲ್ಲು ಮುಟ್ಟಿ ನೋಡುತ್ತೇನೆ,
ಒದ್ದೆ ಇದೆಯೇ ಎಂದು.